ಬೆಂಚಿಗೆ ಬಳಿದ ಕೀಬೋರ್ಡು

ಊರಿಗೆ ಊರೇ ಜಲ್ಲಿ ಕ್ರಷರಿನ ಧೂಳು ಕುಡಿದು ಬದುಕುತ್ತಿತ್ತು. ಹರವಿದ ಬಟ್ಟೆ ಒಣಗುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಅಂಥ ಊರಿನ ಹೈಸ್ಕೂಲಿಗೆ ಯಾರೋ ಪುಣ್ಯಾತ್ಮರು ಕಂಪ್ಯೂಟರ್ ಕೊಟ್ಟರೆ ಹೆಡ್‌ಮಾಸ್ಟರಾದರೂ ಏನು ಮಾಡಿಯಾರು? ಧೂಳು ಹೊಕ್ಕರೆ ಕೆಟ್ಟುಹೋದಾವೆಂದು ಪ್ಲಾಸ್ಟಿಕ್ ಹೊದಿಸಿ, ಕೋಣೆಗೆ ಬೀಗ ಜಡಿದು, ಬೀಗದ ಕೈ ಜೇಬಿಗೆ ಇಳಿಸಿದರು. ಸಾಹೇಬರು ತಪಾಸಣೆಗೆ ಬಂದಾಗ ಮಾತ್ರ ಹೊದಿಕೆ ಸರಿಯುತ್ತಿತ್ತು. ಮಕ್ಕಳು ಬಾಗಿಲಲ್ಲಿ ನಿಂತು ನೋಡಿ ಪಾವನರಾಗಬೇಕು, ಅಷ್ಟೆ.

ಕಲಿಯುವುದಕ್ಕೆ ಬೆಂಚುಗಳಿದ್ದವಲ್ಲ! ಅಂಗಡಿ ಬೋರ್ಡು ಬರೆಯುವ ಪೇಂಟರನನ್ನು ಕರೆಸಿ, ಒಂದೊಂದು ಬೆಂಚಿನ ಮೇಲೂ ಕೀಬೋರ್ಡು ಬರೆಸಿದರು. ಕಪ್ಪು ಚೌಕ, ಬಿಳಿ ಅಕ್ಷರ. ಜಾಗ ಬಾಯಿಪಾಠವಾದ ಮೇಲೆ ಕೈಮೇಲೆ ಹಳೆ ಪೇಪರು ಮುಚ್ಚಿಕೊಂಡು, ಕಣ್ಣನ್ನು ಕರಿಹಲಗೆಗೆ ನೆಟ್ಟು ಬೆರಳು ಆಡಿಸಬೇಕು. "ಕೀ ನೋಡ್ಕೊಂಡು ಹೊಡೆಯೋರು ಅಡ್ಡಕಸುಬಿಗಳು" ಎಂಬುದು ಹೆಡ್‌ಮಾಸ್ಟರ ಮಾತು. ಅದು ಆ ಸ್ಕೂಲಿನ ಹೆಮ್ಮೆಯೂ ಆಗಿತ್ತು.

ಆ ಪೇಂಟರನ ಮಗಳನ್ನು ಊರೆಲ್ಲ ಟಕಟಕಿ ಎಂದೇ ಕರೆಯುತ್ತಿತ್ತು. ಕೂತಲ್ಲಿ ನಿಂತಲ್ಲಿ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಗೋಡೆ, ತಟ್ಟೆ, ಕೊನೆಗೆ ಕೆಮ್ಮುವ ಅಮ್ಮನ ಬೆನ್ನು ನೀವುವಾಗಲೂ ಟಕಟಕ. ಅಮ್ಮ ಕ್ರಷರಿನಲ್ಲಿ ಕಲ್ಲು ಹೊರುತ್ತಿದ್ದಳು. ಧೂಳು ಮಿತಿ ಮೀರಿದ ಕೂಡಲೇ ಕ್ರಷರನ್ನು ತಾನಾಗಿಯೇ ನಿಲ್ಲಿಸುವ ಯಂತ್ರ ಮಾಡಬೇಕೆಂಬುದು ಟಕಟಕಿಯ ಹಟ. ಬೇರೆ ಊರಲ್ಲಿ ಹುಟ್ಟಿದ್ದರೆ ಕಂಪ್ಯೂಟರ್ ಆಟ ಮಾಡುವ ಆಸೆಯಾಗುತ್ತಿತ್ತೋ ಏನೋ. ಈ ಊರು ಅವಳಿಗೆ ಕೊಟ್ಟ ಆಸೆ ಇದೊಂದೇ.

ಪಟ್ಟಣದ ಟೆಕ್ನಿಕಲ್ ಸ್ಕೂಲಿನಲ್ಲಿ, ಹಾಸ್ಟೆಲೂ ಸೇರಿ, ಈ ಕಡೆಯ ಊರುಗಳಿಗೆಲ್ಲ ಒಂದೇ ಸೀಟು. ಪರೀಕ್ಷೆ ಕಂಪ್ಯೂಟರಿನಲ್ಲೇ, ಬರೆಯಲು ಒಂದೇ ಅವಕಾಶ. ಸೀಟು ಸಿಕ್ಕರೆ ಯಂತ್ರ, ತಪ್ಪಿದರೆ ಅಮ್ಮನ ಪಕ್ಕದಲ್ಲಿ ಬುಟ್ಟಿ.

ಪರೀಕ್ಷೆಯ ಹಾಲಿನಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಜೀವಮಾನದಲ್ಲಿ ಮೊದಲ ಬಾರಿ ನಿಜವಾದ ಕೀಗಳು ಬೆರಳಡಿಯಲ್ಲಿ ಒತ್ತಿಕೊಂಡವು. ಮೇಲ್ವಿಚಾರಕಿ ಕೊಟ್ಟ ಚೀಟಿಯ ಪಾಸ್‌ವರ್ಡನ್ನು, ಕೆಳಗೆ ನೋಡದೆ, ಒಂದೇ ಉಸಿರಿಗೆ ಹೊಡೆದಳು. ಪರದೆಯ ಮೇಲೆ ಬರೀ ಚುಕ್ಕಿಗಳು. ತಪ್ಪು ಎಂದಿತು ಕಂಪ್ಯೂಟರು.

"ಸರಿಯಾಗಿ ನೋಡ್ಕೊಂಡು ಹೊಡಿಯಮ್ಮ, ಇನ್ನೆರಡೇ ಸಲ" ಎಂದಳು ಮೇಲ್ವಿಚಾರಕಿ.

ಟಕಟಕಿ ನೋಡಿದ್ದು ಚೀಟಿಯನ್ನು. ಮತ್ತೆ ಹೊಡೆದಳು, ತಪ್ಪು. ಒಂದೊಂದೇ ಅಕ್ಷರ ಗೊಣಗಿಕೊಂಡು ಮೂರನೆಯ ಸಲ ಹೊಡೆದಳು. ಪರದೆ ಕೆಂಪಾಗಿ, ಬಾಗಿಲು ಮುಚ್ಚಿಕೊಂಡಿತು.

"ಅಯ್ಯೋ, ಲಾಕ್ ಆಯ್ತಲ್ಲಮ್ಮ! ಇದನ್ನ ಇಲ್ಲಿ ತೆಗೆಯೋಕೆ ಬರಲ್ಲ, ಹೆಡ್ಡಾಫೀಸ್‌ನೋರೇ ತೆಗೀಬೇಕು." ಮೇಲ್ವಿಚಾರಕಿ ಫೋನು ಹಿಡಿದು ಓಡಿದಳು.

ಟಕಟಕಿ ಆಗ ತಲೆ ತಗ್ಗಿಸಿ ಕೀಬೋರ್ಡು ನೋಡಿದಳು. ಎನ್ನು ಮೊದಲು, ಎಮ್ಮು ಆಮೇಲೆ! ಬೆಂಚಿನ ಮೇಲೆ ಎಮ್ಮೇ ಮೊದಲಿತ್ತಲ್ಲ. ಕೀಬೋರ್ಡನ್ನೇ ತಪ್ಪಾಗಿ ಮಾಡಿದ್ದಾರೆ ಅನ್ನಿಸಿತು. ಪಕ್ಕದವನದನ್ನು ಇಣುಕಿದಳು, ಅಲ್ಲೂ ಹಾಗೇ. ಮುಂದಿನ ಸಾಲಿನಲ್ಲೂ ಹಾಗೇ. ಲೋಕದ ಕೀಬೋರ್ಡುಗಳೆಲ್ಲ ಒಂದು ಥರ, ಅವಳಪ್ಪ ಬರೆದದ್ದು ಒಂದು ಥರ. ಸುತ್ತಲೂ ಅಡ್ಡಕಸುಬಿಗಳು ಒಂದೊಂದೇ ಬೆರಳಲ್ಲಿ, ಕೀ ನೋಡಿಕೊಂಡು, ನಿಧಾನವಾಗಿ ಪರೀಕ್ಷೆ ಮುಗಿಸುತ್ತಿದ್ದರು. ಹೆಡ್ಡಾಫೀಸಿನವರು ಲಾಕ್ ತೆಗೆಯುವ ಹೊತ್ತಿಗೆ ಗಂಟೆ ಹೊಡೆದಿತ್ತು. ಟಕಟಕಿ ಕಾಲು ಹಿಡಿಯುವುದೊಂದು ಬಾಕಿ, ಆದರೂ ಮೇಲ್ವಿಚಾರಕಿ ಕೈಚೆಲ್ಲಿದಳು.

ಬಸ್ಸಿಳಿದರೆ ಅಪ್ಪ ಕಾದು ನಿಂತಿದ್ದ, ಉಗುರಲ್ಲಿ ಇನ್ನೂ ಬಣ್ಣವಿತ್ತು. "ಹೇಗಾಯ್ತು ಪುಟ್ಟಿ?"

"ಕಂಪ್ಯೂಟರ್ ಲಾಕ್ ಆಗ್ಹೋಯ್ತಪ್ಪ."

"ಕೆಟ್ಟ ಮಷೀನ್ ಕೊಟ್ರಾ? ಹಾಳಾದೋರು!" ಮನೆ ಮುಟ್ಟುವವರೆಗೂ ಅಪ್ಪ ಪಟ್ಟಣದವರಿಗೆ ಸಹಸ್ರನಾಮ ಮಾಡಿದ. ಅವಳು ಹೂಂಗುಟ್ಟಿದಳು. ನಿಜ ಹೇಳಿದರೆ ಅಪ್ಪ ಕುಸಿದುಹೋಗುತ್ತಾನೆ.

ಮರುದಿನ ಸ್ಕೂಲಿನ ಕಿಟಕಿಯಲ್ಲಿ ನೋಡಿದಳು. ಎಂಟನೇ ಕ್ಲಾಸಿನ ಹುಡುಗಿಯರು ಪೇಪರು ಮುಚ್ಚಿಕೊಂಡು, ಕಣ್ಣು ಹಲಗೆಗೆ ನೆಟ್ಟು, ಬೆರಳು ಆಡಿಸುತ್ತಿದ್ದರು. ತಡೆಯಲಾಗಲಿಲ್ಲ. ಭಾನುವಾರ ಬಣ್ಣದ ಡಬ್ಬಿಯ ಸಮೇತ ಅಪ್ಪನನ್ನು ಅಲ್ಲಿಗೆ ಎಳೆದು ತಂದಳು.

"ಈ ಎರಡು ಅಕ್ಷರ ಅದಲುಬದಲು ಮಾಡಪ್ಪ."

ಅಪ್ಪ ನಕ್ಕುಬಿಟ್ಟ. "ಏ ಹುಚ್ಚಿ, ನಾನೇ ಸರಿ ಮಾಡಿರೋದು! ಮೇಷ್ಟ್ರು ಕೊಟ್ಟ ಕಾಗದದಲ್ಲಿ ಅಕ್ಷರ ಎಲ್ಲಾ ಚೆಲ್ಲಾಪಿಲ್ಲಿ. ಎಲ್ಲಾನೂ ತಿದ್ದೋಕಾಗುತ್ತಾ? ಇವೆರಡು ಪಕ್ಕಪಕ್ಕ ಇದ್ವು, ಎಬಿಸಿಡೀಲಿ ಇರೋ ಹಾಗೆ ಎಮ್ಮು ಮುಂದೆ ಹಾಕ್ದೆ. ನನ್ನ ಮಗಳು ಓದೋ ಸ್ಕೂಲು, ಇಷ್ಟಾದ್ರೂ ಸರಿಯಿರ್ಲಿ ಅಂತ…"

ಅಪ್ಪ ಮಗಳ ಮುಖ ನೋಡಿದ.

"ಲಾಕ್ ಆಯ್ತು ಅಂದ್ಯಲ್ಲ…" ಎಂದ. "ಅದು…"

"ಬರಿಯಪ್ಪ. ನಾಳೆ ಮಕ್ಕಳು ಬರ್ತಾರೆ."

ಅಪ್ಪ ಬೆಂಚಿನ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡ. ಅವಳೇ ಬ್ರಷ್ಷು ತೆಗೆದುಕೊಂಡು ಬೆಂಚಿನಿಂದ ಬೆಂಚಿಗೆ ಹೋಗಿ, ಎರಡೂ ಚೌಕಗಳಿಗೆ ಕಪ್ಪು ಬಳಿದು, ಮೇಲೆ ಅಂಕುಡೊಂಕಾಗಿ ಬಿಳಿ ಅಕ್ಷರ ಬರೆದಳು.

ಕೊನೆಯದು ಅವಳದೇ ಬೆಂಚು. ಬರೆದು ಮುಗಿಸಿ, ಕಣ್ಣು ಹಲಗೆಗೆ ನೆಟ್ಟು, ಒಮ್ಮೆ ಎನ್ನು ಒತ್ತಿ ನೋಡಿದಳು. ಬೆರಳು ಹಳೆಯ ಜಾಗಕ್ಕೇ ಹೋಗಿ, ಎಮ್ಮಿನ ಹಸಿ ಬಣ್ಣದಲ್ಲಿ ಊರಿಕೊಂಡಿತು.