ಮಚ್ಛೇಂದ್ರ ಕೂತರೆ ಕುಣಿಯದ ಕಾರು

ಆ ಬೇಸಗೆಯಲ್ಲಿ ಬೀದರಿನ ಮೈಲೂರು ಬಡಾವಣೆಯ ನಲ್ಲಿಗಳು ಬರೀ ಗಾಳಿ ಬಿಡುತ್ತಿದ್ದವು. ಹೀಗಾಗಿ ಭಾನುವಾರ ಬಂತೆಂದರೆ ಕಾಂತಾಬಾಯಿ ಗಂಡ ವೈಜಿನಾಥ ಮಾಸ್ತರರ ಹಳೇ ಚಿಕ್ಕ ಕಾರಿನಲ್ಲಿ ಕೂತು ತವರೂರು ಮೆಹಕರಕ್ಕೆ ನೀರಿಗೆ ಹೋಗುತ್ತಿದ್ದಳು. ತವರಿನ ಬಾವಿ ಇನ್ನೂ ಬತ್ತಿರಲಿಲ್ಲ. ಮನೆಗೊಂದು ಪಾಳಿ ಹಚ್ಚಿ ಊರಿಗೆಲ್ಲ ಆ ನೀರು ಹಂಚುತ್ತಿದ್ದವಳು ಅವಳ ತಾಯಿ ಶೇವಂತಾಬಾಯಿ. ಹೊರಗಿನವರಿಗೆ ಹನಿಯೂ ಇಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಹೊರಗಿನವರೇ ಎಂದು ಆಕೆ ಮೊದಲ ದಿನವೇ ಸಾರಿಬಿಟ್ಟಿದ್ದಳು.

ಆದರೆ ತವರಿನ ಪಕ್ಕದ ಮನೆಯ ಕಾಶೀರಾಮ ಹೆಂಡತಿ ಮಕ್ಕಳನ್ನು ಕರೆದುಕೊಂಡು ದುಡಿಯಲು ಪುಣೆಗೆ ಹೊರಟಾಗ, ಮನೆ ಕೀಲಿ ಶೇವಂತಾಬಾಯಿಯ ಕೈಗಿಟ್ಟು, "ಮಳಿ ಬಿದ್ದು ನಾವು ತಿರುಗಿ ಬರೂತನಕ ನಮ್ಮ ಪಾಳಿ ನಿಮ್ಮ ಹೆಣ್ಮಕ್ಕಳಿಗಿ ಇರ್ಲಿ, ಕಾಕು" ಅಂದಿದ್ದ. ಹೆಣ್ಣುಮಕ್ಕಳು ಇಬ್ಬರು, ಪಾಳಿ ಒಂದು. ದೊಡ್ಡವಳು ಔರಾದದ ಅಂಜನಾಬಾಯಿ. ಅವಳ ಗಂಡ ಮಚ್ಛೇಂದ್ರನಿಗೆ ಕಾರಿರಲಿಲ್ಲ. ಕಾಂತಾಬಾಯಿಯ ಮನೆಯಲ್ಲಿ ಇತ್ತು. ಪಾಳಿ ಇವರಿಗೇ ಬಂತು.

ಕಾಂತಾಬಾಯಿಯ ಕಷ್ಟ ಶುರುವಾದದ್ದೇ ಅಲ್ಲಿಂದ. ತವರಿನಿಂದ ಮಗಳು ಒಯ್ಯುವ ಕೊಡ ಕಂಠದ ತನಕ ತುಂಬಿರಬೇಕು, ಅದರ ಬಾಯಿ ಮುಚ್ಚಬಾರದು. ಅದು ಶೇವಂತಾಬಾಯಿಯ ಮನೆತನದ ರಿವಾಜು. ಪ್ಲಾಸ್ಟಿಕ್ ಕ್ಯಾನನ್ನಂತೂ ಆಕೆ ಬಾವಿಯ ಹತ್ತಿರ ತರಗೊಡುತ್ತಿರಲಿಲ್ಲ. ಹೀಗಾಗಿ ಕಾಂತಾಬಾಯಿ ಒಂದು ತಾಮ್ರದ ಕೊಡವನ್ನು ತೊಡೆಯ ಮೇಲೆ, ಇನ್ನೊಂದನ್ನು ಕಾಲ ನಡುವೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಕಾರು ಮುದಿಯಾಗಿತ್ತು. ತಿರುವಿನಲ್ಲಿ ಅದರ ಮುಂಭಾಗ ಕುಡಿದವನ ಹಾಗೆ ಒಂದು ಕಡೆಗೆ ವಾಲುತ್ತಿತ್ತು. ಎಡಕ್ಕೆ ತಿರುಗಿದರೆ ನೀರು ಮಾಸ್ತರರ ಪ್ಯಾಂಟಿಗೆ, ಬಲಕ್ಕೆ ತಿರುಗಿದರೆ ಅವಳ ಸೀರೆಗೆ. ಬೀದರಿಗೆ ಬಂದು ಇಳಿಯುವ ಹೊತ್ತಿಗೆ ಕೊಡಕ್ಕಿಂತ ಗಂಡ ಹೆಂಡತಿಯಲ್ಲೇ ನೀರು ಹೆಚ್ಚಿರುತ್ತಿತ್ತು.

ಒಂದು ಭಾನುವಾರ ಶೇವಂತಾಬಾಯಿ ಭಾಲ್ಕಿಗೆ ಹೋಗಲೆಂದು ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. ಮೊದಲ ತಿರುವಿನಲ್ಲೇ ಎಲ್ಲ ಕಣ್ಣಾರೆ ಕಂಡಳು. ಭಾಲ್ಕಿ ಬಂತು. ಇಳಿಯುವಾಗ ಮಗಳ ಮುಖ ನೋಡದೆ ಹೇಳಿದಳು:

"ಕಾಶೀರಾಮ ಬಿಟ್ಟು ಹೋದ ನೀರು ರಸ್ತಾಕ್ಕ ಕುಡಿಸ್ಲಕತ್ತೀರಿ. ಇನ್ನೊಂದು ವಾರ ನೋಡ್ತೇನಿ. ಮತ್ತ ಚೆಲ್ಲಿತಂದ್ರ ಪಾಳಿ ಔರಾದದವರಿಗಿ."

"ಭಾವ ಬಸ್ಸಿನ್ಯಾಗ ಒಯ್ತಾರೇನವ್ವಾ? ಅಲ್ಲಿ ಚೆಲ್ಲಂಗಿಲ್ಲೇನು?"

"ಬಸ್ಸಿನ್ಯಾಗ ಚೆಲ್ಲಿದ್ರ ನನ್ನ ಕಣ್ಣಿಗಿ ಬೀಳಂಗಿಲ್ಲ."

ಮರುದಿನವೇ ಮಾಸ್ತರರು ಕಾರನ್ನು ಬೀದರಿನ ಮಕ್ಸೂದನ ಗ್ಯಾರೇಜಿಗೆ ಒಯ್ದರು. ಕಾಂತಾಬಾಯಿಯೂ ಹೋದಳು. ಸುಮ್ಮನೆ ಕೂರಲು ಬೇಸರವೆಂದು ಮೈಲೂರಿನ ಪಕ್ಕದ ಮನೆಯ ಸುಭದ್ರಾಬಾಯಿಯೂ ಜೊತೆಗೆ ಬಂದಳು. ಮಕ್ಸೂದ ಬಾನೆಟ್ಟಿನ ಮೇಲೆ ಎರಡು ಕೈ ಊರಿ ಒತ್ತಿದ. ಕಾರು ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಕೆಳಗೆ ಹೋಯಿತು, ಯಾರೂ ಕೇಳದಿದ್ದರೂ ಇನ್ನೊಮ್ಮೆ ಮೇಲೆ ಬಂತು.

"ಮಾಸ್ತರ್ ಸಾಬ್, ಕುಣಿತ ತಡಿಯೂ ಶಾಕಪ್ ಖಲಾಸ್. ರಬ್ಬರ್ ಬುಶ್ ಎಲ್ಲಾ ಪುಡಿ ಆಗ್ಯಾವ. ಸ್ಪ್ರಿಂಗಿನ್ಯಾಗ ಎಷ್ಟು ದಮ್ ಉಳದದ ನೋಡ್ಬೇಕು. ಭಾಬಿಯವ್ರು ಇಬ್ರೂ ಮುಂದಿನ ಸೀಟಿನ್ಯಾಗ ಕೂಡ್ರಿ."

ಇಬ್ಬರೂ ಕೂತರು. ಮಕ್ಸೂದ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಟಾಯರಿಗೂ ಮೇಲಿನ ತಗಡಿಗೂ ನಡುವೆ ಬೆರಳು ತೂರಿಸಿ ಅಳೆದ. ಆಮೇಲೆ ಕೇಳಬಾರದ್ದನ್ನು ಕೇಳಿದ.

"ಭಾಬಿ, ತಮ್ಮ ವಜನ್ ಎಷ್ಟ್ರಿ?"

ಗ್ಯಾರೇಜಿನಲ್ಲಿ ಆಗ ನಾಲ್ಕಾರು ಗಂಡಸರಿದ್ದರು. ಒಬ್ಬ ಚಹಾ ಕುಡಿಯುವುದನ್ನು ನಿಲ್ಲಿಸಿದ ಹಾಗೆ ಕಾಂತಾಬಾಯಿಗೆ ಅನ್ನಿಸಿತು.

"ಐವತ್ತು" ಅಂದಳು.

ಮಾಸ್ತರರು ಹೆಂಡತಿಯ ಕಡೆ ನೋಡಿ, ತಕ್ಷಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದರು. ಸುಭದ್ರಾಬಾಯಿ ಸೆರಗು ಸರಿಮಾಡಿಕೊಂಡಳು. ಕಾಂತಾಬಾಯಿಗಿಂತ ಭಾರ ಅನಿಸಿಕೊಳ್ಳಲು ಆಕೆ ಗ್ಯಾರೇಜಿನವರೆಗೆ ಬಂದಿರಲಿಲ್ಲ.

"ನಂದು ನಲವತ್ತೆಂಟ್ರಿ. ಅದೂ ಊಟ ಆದ ಮ್ಯಾಲ."

ಮಕ್ಸೂದನ ಹುಬ್ಬು ಮೇಲೇರಿತು. ಅವನು ಮತ್ತೊಮ್ಮೆ ಬೆರಳಿಟ್ಟು ನೋಡಿದ. "ಇಬ್ಬರು ಹಗುರ ಹೆಣ್ಮಕ್ಕಳು ಕೂತ್ರ ಇಷ್ಟು ಕೆಳಗ ಕೂಡ್ತದಂದ್ರ ಈ ಸ್ಪ್ರಿಂಗ್ ಸತ್ತು ಯಾವ ಕಾಲ ಆಗ್ಯಾದೋ. ಹೊಸಾವು ಭಾಳ ಖಡಕ್ ಇರೂವು ಹಾಕ್ಬೇಕಾಗ್ತದ."

"ಹಾಕ್ರಿ," ಎಂದರು ಮಾಸ್ತರರು ಕ್ಯಾಲೆಂಡರಿನ ಕಡೆಯೇ ನೋಡುತ್ತ.

ಖಡಕ್ ಸ್ಪ್ರಿಂಗ್ ಬಂದವು. ಹೊಸ ಶಾಕಪ್, ಹೊಸ ಬುಶ್, ವಾಲದ ಹಾಗೆ ಎರಡೂ ಚಕ್ರಗಳನ್ನು ಹಿಡಿದಿಡುವ ದಪ್ಪ ಸರಳು, ಎಲ್ಲ ಬಂದವು. ಹಳೆಯವು ಅಂದೇ ಗುಜರಿಗೆ ಹೋದವು. ಕೆಲಸ ಮುಗಿದ ಮೇಲೆ ಕಾರಿನ ಮೂಗು ಎತ್ತರಕ್ಕೆ ಎದ್ದಿತ್ತು, ಯಾರೋ ಹಿಂದಿನಿಂದ ಬೈದಾಗ ತಿರುಗಿ ನೋಡುವವರ ಹಾಗೆ. ಖಾಲಿ ಕಾರಿನಲ್ಲಿ ಮಾಸ್ತರರು ಮೈಲೂರಿನ ತಿರುವುಗಳಲ್ಲಿ ಎರಡು ಸುತ್ತು ಹೊಡೆದು ಬಂದರು. ಎಲ್ಲಿಯೂ ವಾಲಲಿಲ್ಲ.

"ರೈಲ್ ಹಳಿ ಮ್ಯಾಲ ಹೋದಂಗ ಹೋಗ್ತದ ನೋಡು," ಎಂದರು.

"ಮತ್ಯಾಕ ಸೊಂಟ ಹಿಡ್ಕೊಂಡು ಇಳ್ಯಾಕತ್ತೀರಿ?" ಎಂದು ಕೇಳಿದಳು ಕಾಂತಾಬಾಯಿ.

ಭಾನುವಾರ ಮೆಹಕರದಲ್ಲಿ ಮಚ್ಛೇಂದ್ರ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಪಾಳಿ ಕೈಗೆ ಬಂದೇಬಿಟ್ಟಿತು ಎಂಬಂತೆ ಎರಡು ಖಾಲಿ ಕೊಡಗಳನ್ನೂ ಬಸ್ಸಿನಲ್ಲಿ ತಂದಿದ್ದ. ಅವನು ಕ್ವಿಂಟಾಲಿಗೆ ಸ್ವಲ್ಪ ಕಡಿಮೆ ತೂಗುವ ಆಸಾಮಿ. ನಕ್ಕರೆ ಮೊದಲು ಹೊಟ್ಟೆ ನಗುತ್ತಿತ್ತು, ಆಮೇಲೆ ಮುಖ.

"ಬರ್ರಿ ಬರ್ರಿ ಮಾಸ್ತರ್ರ. ಕಾರಿಗಿ ಹೊಸ ಕಾಲು ಬಂದಾವಂತ?"

"ಕೂತು ನೋಡ್ರಿ, ಭಾವ."

"ನನಗ್ಯಾರು ಕೂಡಸ್ತಾರ್ರಿ? ಮುಂದಿನ ಸೀಟು ನಮ್ಮ ನಾದಿನಿದು. ಮದುವಿ ಆಗಿ ಇಷ್ಟು ವರ್ಷ ಆಯ್ತು, ಈ ಮನಿ ದೊಡ್ಡ ಅಳಿಯಗ ಒಂದಿನಾ ಆ ಸೀಟು ಸಿಗ್ಲಿಲ್ಲ."

ಕೊಡ ತುಂಬಿ ಹೊರಟರು. ಮುಂದೆ ಕಾಂತಾಬಾಯಿ ಮತ್ತು ಕೊಡಗಳು, ಹಿಂದೆ ನ್ಯಾಯ ಹೇಳಲು ಶೇವಂತಾಬಾಯಿ, ಅವಳ ಪಕ್ಕದಲ್ಲಿ ಉಳಿದ ಜಾಗವನ್ನೆಲ್ಲ ತುಂಬಿಕೊಂಡು ಮಚ್ಛೇಂದ್ರ. ಅವನ ಭಾರಕ್ಕೆ ಕಾರಿನ ಹಿಂಭಾಗ ತಗ್ಗಿ, ಮೂಗು ಇನ್ನೂ ಮೇಲಕ್ಕೆದ್ದಿತು. ಮೊದಲ ತಿರುವು ಬಂತು. ಕಾಂತಾಬಾಯಿ ಕೊಡವನ್ನು ಅವಚಿ ಹಿಡಿದಳು. ಕಾರು ನೆಟ್ಟಗೆ ತಿರುಗಿತು. ಕೊಡದ ನೀರು ಮಿಸುಕಲಿಲ್ಲ. ಎರಡನೆಯ ತಿರುವಿನಲ್ಲೂ ಹಾಗೇ. ಹಿಂದಿನಿಂದ ತಾಯಿಯ ಗಂಟಲು ಒಪ್ಪಿಗೆಯ ಒಂದು ಸಣ್ಣ ಸದ್ದು ಮಾಡಿತು.

ಆಮೇಲೆ ರಸ್ತೆ ಉಬ್ಬು ಬಂತು.

ಕಾರು ಉಬ್ಬನ್ನು ಹತ್ತಿ ಇಳಿಯಲಿಲ್ಲ, ಮೇಕೆಮರಿಯ ಹಾಗೆ ಜಿಗಿಯಿತು. ತೊಡೆಯ ಮೇಲಿನ ಕೊಡದಿಂದ ಒಂದು ಚೊಂಬಿನಷ್ಟು ನೀರು ಮೇಲೆದ್ದು, ಒಂದು ಗಳಿಗೆ ಕಾರಿನ ಚಾವಣಿ ನೋಡಿಕೊಂಡು, ಹಿಂದೆ ಹೋಗಿ ಶೇವಂತಾಬಾಯಿಯ ನೆತ್ತಿಯ ಮೇಲೆ ಬಿತ್ತು. ಮಾಸ್ತರರು ಗಾಬರಿಯಾಗಿ ಬ್ರೇಕ್ ಒತ್ತಿದರು. ಕಾಲ ನಡುವಿನ ಕೊಡವೂ ತನ್ನ ಪಾಲು ಸಲ್ಲಿಸಿತು.

ಕಾರು ನಿಂತಿತು. ಶೇವಂತಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೊದಲ ಆಜುಬಾಜು ಚೆಲ್ತಿತ್ತು," ಎಂದಳು. "ಈಗ ಆಕಾಶಕ್ಕ ಚೆಲ್ಲಾಕತ್ತದ. ಮಚ್ಛೇಂದ್ರಪ್ಪಾ, ಮುಂದಿನ ವಾರದಿಂದ ಕೊಡ ತಗೊಂಡು ನೀವೇ ಬರ್ರಿ."

ಮನೆಯಲ್ಲಿ ಉಳಿದಿದ್ದ ನೀರು ಕಾಂತಾಬಾಯಿಯ ಕಣ್ಣ ಮುಂದೆ ಬಂತು. ಟ್ಯಾಂಕರಿನ ಹಿಂದೆ ಓಡುವ ಮೈಲೂರಿನ ಹೆಂಗಸರು ಬಂದರು, ಅವರ ನಡುವೆ ಕೊಡ ಹಿಡಿದು ಜಗಳಾಡುವ ತಾನೂ ಬಂದಳು. ಜಗಳವೇ ಬಾರದವಳು ಅಲ್ಲಿ ನೀರು ಗಿಟ್ಟಿಸುವುದು ಹೇಗೆ? ಒಂದು ಮಾತು ಆಡಿದರೆ ಪಾಳಿ ಉಳಿಯಬಹುದಿತ್ತು. ಆ ಮಾತನ್ನು ಭಾವನ ಎದುರಿಗೆ ಆಡಬೇಕಿತ್ತು, ಅಷ್ಟೇ.

"ಯವ್ವಾ, ಕಾರಿಂದು ತಪ್ಪಿಲ್ಲ," ಎಂದಳು ಕೊಡದ ಒಳಗೆ ನೋಡುತ್ತ. "ಮಕ್ಸೂದಭಾಯಿ ವಜನ್ ಕೇಳ್ದಾಗ ನಾ ಐವತ್ತು ಅಂದೆ. ಅದಕ್ಕ ಹಳೇ ಸ್ಪ್ರಿಂಗ್ ಪೂರಾ ಸತ್ತಾವಂತ ತಿಳ್ಕೊಂಡು ಅವ್ರು ಇಷ್ಟು ಖಡಕ್ ಹಾಕ್ಯಾರ. ಮುಂದ ಭಾರ ಸಾಲಂಗಿಲ್ಲ. ಅದಕ್ಕ ಜಿಗೀತದ."

"ಐವತ್ತು?" ಎಂದಳು ತಾಯಿ. "ಐವತ್ತು ಇದ್ದಾಗ ನೀ ಎಂಟನೇತ್ತಿ ಸಾಲ್ಯಾಗ ಇದ್ದಿ."

ಹಿಂದೆ ಮಚ್ಛೇಂದ್ರನ ಹೊಟ್ಟೆ ನಗತೊಡಗಿತು. ಇಡೀ ಕಾರು ಅಲುಗಿತು. ಮಾಸ್ತರರು ಮಾತ್ರ ನಗಲಿಲ್ಲ. ಅವರು ಕನ್ನಡಿಯಲ್ಲಿ ಭಾವನನ್ನು ಮೇಲಿನಿಂದ ಕೆಳಗೆ ನೋಡಿದರು, ಬೀಜದ ಚೀಲ ಆರಿಸುವ ರೈತನ ಹಾಗೆ.

"ಭಾವ, ಸ್ವಲ್ಪ ಮುಂದ ಬಂದು ಕೂಡ್ರಿ."

"ನಾನು? ಮುಂದಿನ ಸೀಟಿನ್ಯಾಗ?"

ಮಚ್ಛೇಂದ್ರ ಎರಡನೇ ಸಲ ಹೇಳಿಸಿಕೊಳ್ಳದೆ ಕಾಂತಾಬಾಯಿಯ ಜೊತೆ ಸೀಟು ಬದಲಿಸಿದ. ಅವನು ಕೂತ ಕೂಡಲೇ ಕಾರಿನ ಮೂಗು ವಿನಯದಿಂದ ಕೆಳಗಿಳಿಯಿತು. ಬಾವಿಗೆ ವಾಪಸು ಹೋಗಿ ಕೊಡಗಳನ್ನು ಮತ್ತೆ ಕಂಠದ ತನಕ ತುಂಬಿ ಅವನ ತೊಡೆಯ ಮೇಲೂ ಕಾಲ ನಡುವೆಯೂ ಇಟ್ಟರು. ಹೊಟ್ಟೆ ಮತ್ತು ಕೈಗಳ ನಡುವೆ ಕೊಡ ತೊಟ್ಟಿಲಲ್ಲಿ ಮಲಗಿದ ಹಾಗೆ ಕೂತಿತು. ತಿರುವು ಬಂತು, ಉಬ್ಬು ಬಂತು, ತಗ್ಗು ಬಂತು. ಭಾಲ್ಕಿಯಲ್ಲಿ ಶೇವಂತಾಬಾಯಿ ಇಳಿದು ಕೊಡದೊಳಗೆ ಬಗ್ಗಿ ನೋಡಿದಳು. ನೀರು ಕಂಠದಲ್ಲೇ ಇತ್ತು.

"ಪಾಳಿ ಕಾರಿಗಿ," ಎಂದು ತೀರ್ಪು ಕೊಟ್ಟಳು. "ಕೊಡ ಒಂದು ಮೈಲೂರಿಗಿ, ಒಂದು ಔರಾದಕ್ಕ. ಮಚ್ಛೇಂದ್ರಪ್ಪ ಇಲ್ದ ಕಾರು ಬಂತಂದ್ರ ಬಾವಿ ಕಡಿ ಬಿಡಂಗಿಲ್ಲ."

ಅರ್ಧ ಪಾಳಿ ಹೋಯಿತು, ಅರ್ಧ ಉಳಿಯಿತು. ಕಾಂತಾಬಾಯಿ ಅದಕ್ಕೇ ಸಮಾಧಾನ ಪಟ್ಟುಕೊಂಡಳು. ಆದರೆ ಔರಾದದಲ್ಲಿ ಅಕ್ಕನ ಕೊಡ ಇಳಿಸಿದ ಮೇಲೆ ಭಾವ ಇಳಿಯುವ ಹಾಗಿರಲಿಲ್ಲ. ಮೈಲೂರಿನ ಕೊಡ ಇನ್ನೂ ಅವನ ತೊಡೆಯ ಮೇಲಿತ್ತು. ಹಾಗಾಗಿ ಪ್ರತಿ ಭಾನುವಾರ ಮಚ್ಛೇಂದ್ರ ತನ್ನ ಮನೆಯ ಬಾಗಿಲ ಮುಂದೆಯೇ ಹೆಂಡತಿಗೆ ಕೈ ಬೀಸಿ, ಬೀದರಿಗೆ ಬಂದು, ಊಟ ಮಾಡಿ, ಬಸ್ಸಿನಲ್ಲಿ ತಿರುಗಿ ಹೋಗತೊಡಗಿದ.

ಒಂದು ದಿನ ಊಟಕ್ಕೆ ಕೂತವನು ಎರಡೇ ರೊಟ್ಟಿಗೆ ಕೈ ತೊಳೆಯಲು ಎದ್ದ.

"ಸಾಕು. ಅಂಜನಾ ಹೇಳ್ಯಾಳ, ಹೊಟ್ಟಿ ಕರಗಿಸ್ಬೇಕಂತ. ಮುಂಜಾನಿ ವಾಕಿಂಗ್ ಸುರು ಮಾಡೀನಿ."

ಕಾಂತಾಬಾಯಿ ಗಂಡನ ಮುಖ ನೋಡಿದಳು. ಮಾಸ್ತರರು ಕಿಟಕಿಯಿಂದ ಕಾರಿನ ಮೂಗು ನೋಡಿದರು. ಅವಳು ಒಳಗೆ ಹೋಗಿ, ಬಿಸಿ ರೊಟ್ಟಿಯನ್ನೂ ತುಪ್ಪದ ಬಟ್ಟಲನ್ನೂ ಬೆಲ್ಲವನ್ನೂ ತಂದು ಭಾವನ ಮುಂದೆ ಇಟ್ಟಳು.

"ವಾಕಿಂಗ್ ಬಿಡ್ರಿ, ಭಾವ. ಮಳಿ ಬರೂತನಕ."

ಮಚ್ಛೇಂದ್ರ ತುಪ್ಪದ ಬಟ್ಟಲು ನೋಡಿದ.

"ಆಕಿಗಿ ಏನಂತ ಹೇಳ್ಲಿ?"

"ನೀರಿಗಾಗಿ ಅಂತ ಹೇಳ್ರಿ."

ಅವನು ಮತ್ತೆ ಕೂತು ತಾಟು ಹತ್ತಿರಕ್ಕೆ ಎಳೆದುಕೊಂಡ.