ಅರ್ಧ ಸೋಡಿಯಂ ಉಪ್ಪು

ಅಪ್ಪನ ಕೈಯಿಂದ ಸ್ಕ್ರೂಡ್ರೈವರ್ ಎರಡನೇ ಸಲ ಜಾರಿ ಬಿದ್ದಾಗ ನಾನು ಮುಂದಿನ ವಾರದ ದಿನಸಿಗೆ ಆರ್ಡರ್ ಹಾಕಲು ಕೂತಿದ್ದೆ. ಸೋಮವಾರ, ಬೆಳಗಿನ ಹತ್ತು ಗಂಟೆ. ಅಪ್ಪ ಹೊಲಿಗೆ ಮೆಷಿನ್ ರಿಪೇರಿ ಮಾಡುವವರು; ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿಡ್ನಿ ಎರಡೂ ಕೈಕೊಟ್ಟು ಒಂದೂವರೆ ವರ್ಷವಾಗಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಕೇಂದ್ರದಲ್ಲಿ ನಾಲ್ಕು ನಾಲ್ಕು ತಾಸು ಮಲಗಿ ಬರುತ್ತಾರೆ. "ನಾನು ಮೆಷಿನ್ ರಿಪೇರಿ ಮಾಡ್ತೀನಿ, ಮೆಷಿನ್ನು ನನ್ನ ರಿಪೇರಿ ಮಾಡತ್ತೆ" ಎಂದು ಗಿರಾಕಿಗಳ ಹತ್ತಿರ ನಗುತ್ತಾರೆ.

"ಏನ್ರೀ, ಕೈಗೆ ಬೆಣ್ಣೆ ಹಚ್ಕೊಂಡಿದ್ದೀರಾ?" ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಕೈ ಯಾಕೋ ಹೇಳಿದ ಮಾತು ಕೇಳ್ತಿಲ್ಲ ಕಣೇ. ಕಾಲೂ ಅಷ್ಟೇ. ಮರಳು ಮೂಟೆ ಕಟ್ಟಿದ ಹಾಗಿದೆ."

"ನಾಳೆ ಹೇಗೂ ನಿಮ್ಮ ಸರದಿ ಇದೆಯಲ್ಲ. ಸರಿಹೋಗತ್ತೆ ಬಿಡಿ."

ನಾನು ಫೋನಿನಿಂದ ತಲೆಯೆತ್ತಲಿಲ್ಲ. ಡಿಗ್ರಿ ಮುಗಿದ ಮೇಲೆ ದಿನಸಿ ತರಿಸುವ ಕೆಲಸ ನನ್ನದಾಗಿತ್ತು, ಅದು ನನಗೆ ಇಷ್ಟವೂ ಆಗಿತ್ತು. ಯಾರ ಮುಖ ನೋಡಿಯೂ ಏನನ್ನೂ ಕೇಳಬೇಕಾಗಿರಲಿಲ್ಲ. ಮೂರು ಸೂಪರ್‌ಮಾರ್ಕೆಟ್‌ಗಳ ಪುಟಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡು, ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇದೆಯೇ, ಯಾವುದು ತಾಜಾ, ಯಾರು ಬೇಗ ತಂದುಕೊಡುತ್ತಾರೆ ಎಂದು ಡೈರಿಯ ಹಿಂದಿನ ಹಾಳೆಗಳಲ್ಲಿ ಗೀಟು ಹಾಕಿ ಬರೆದುಕೊಳ್ಳುತ್ತಿದ್ದೆ. ಹೋದ ವಾರ ಬರೀ ಉಪ್ಪಿಗೆ ಒಂದು ತಾಸು ಕೂತಿದ್ದೆ.

"ಉಪ್ಪಿನ ಮೇಲೆ ಇನ್ನೊಂದು ಡಿಗ್ರಿ ತಗೊಳ್ತೀಯೇನೇ?" ಎಂದಿದ್ದಳು ಅಮ್ಮ.

ಅಪ್ಪನಿಗೆ ಉಪ್ಪು ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದಂದಿನಿಂದ ಅವರ ಊಟವೆಂದರೆ ಶಿಕ್ಷೆ. ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಿದ್ದರು. ಹುಡುಕುತ್ತ ಹುಡುಕುತ್ತ ನನಗೆ ಸಿಕ್ಕಿದ್ದು ಈ ಉಪ್ಪು: ಮುಂಬದಿಯಲ್ಲಿ ಕೆಂಪು ಹೃದಯದ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ 'ಸೋಡಿಯಂ ಅರ್ಧಕ್ಕರ್ಧ ಕಡಿಮೆ'. ಆ ಅಂಗಡಿಯ ಪುಟದಲ್ಲಿ ಪ್ಯಾಕೆಟ್ಟಿನ ಮುಂಬದಿಯ ಚಿತ್ರವೊಂದೇ ಇತ್ತು. ನನ್ನ ಲೆಕ್ಕ ಸರಳವಾಗಿತ್ತು. ಸೋಡಿಯಂ ಅರ್ಧ ಅಂದಮೇಲೆ ಉಪ್ಪನ್ನು ಎರಡರಷ್ಟು ಹಾಕಬಹುದು.

ಶುಕ್ರವಾರ ರಾತ್ರಿಯಿಂದ ಅಪ್ಪನ ಊಟಕ್ಕೆ ನಾನೇ ಹಾಗೆ ಹಾಕಿದೆ. ಅಪ್ಪ ತರಕಾರಿ ಸೂಪಿನ ಬಟ್ಟಲನ್ನು ಮೂರನೇ ಸಲ ನನ್ನ ಮುಂದೆ ಚಾಚಿ, "ಮೇಡಂ, ನಾಲಿಗೆಗೆ ಜೀವ ಬಂತು ನೋಡಿ" ಎಂದರು. ಡಿಗ್ರಿ ಸಿಕ್ಕ ದಿನದಿಂದ ಅವರಿಗೆ ನಾನು ಮೇಡಂ. ಅಂದು ನನಗೆ ನಿದ್ದೆ ಬಾರದಷ್ಟು ಖುಷಿಯಾಗಿತ್ತು.

ಇವತ್ತು ನೋಡಿದರೆ ಅದೇ ಉಪ್ಪು ಆ ಅಂಗಡಿಯಲ್ಲಿ ಖಾಲಿಯಾಗಿತ್ತು. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದರಲ್ಲಿ ಸಿಕ್ಕಿತು. ಅಲ್ಲಿ ಪ್ಯಾಕೆಟ್ಟಿನ ಹಿಂಬದಿಯ ಚಿತ್ರವನ್ನೂ ಹಾಕಿದ್ದರು. ಸುಮ್ಮನೆ ಬೆರಳಿಂದ ದೊಡ್ಡದು ಮಾಡಿ ನೋಡಿದೆ.

'ಪೊಟ್ಯಾಸಿಯಂ ಕ್ಲೋರೈಡ್' ಎಂದಿತ್ತು. ಅದರ ಕೆಳಗೆ, 'ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.'

ಆ ಪದ ನನಗೆ ಹೊಸದಲ್ಲ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದೂವರೆ ವರ್ಷದಿಂದ ಅಂಟಿರುವ ಪಥ್ಯದ ಪಟ್ಟಿಯ ಮೊದಲ ಸಾಲಿನಲ್ಲೇ ಇದೆ: ಪೊಟ್ಯಾಸಿಯಂ ಹೆಚ್ಚಾದರೆ ಹೃದಯ ನಿಲ್ಲಬಹುದು. ಅದಕ್ಕೇ ಬಾಳೆಹಣ್ಣು ಬೇಡ, ಟೊಮೆಟೊ ಬೇಡ. ಅದಕ್ಕೇ ಅಮ್ಮ ಪ್ರತಿ ತರಕಾರಿಯನ್ನೂ ಎರಡೆರಡು ಸಲ ಬೇಯಿಸಿ ನೀರು ಬಸಿದು ಚೆಲ್ಲುತ್ತಾಳೆ. ಅವಳು ಬಸಿದು ಚೆಲ್ಲಿದ್ದನ್ನು ನಾನು ಚಮಚದಲ್ಲಿ ವಾಪಸು ಹಾಕುತ್ತಿದ್ದೆ.

ಎದ್ದು ಅಡುಗೆಮನೆಗೆ ಹೋದೆ. ಅಮ್ಮ ಬೆನ್ನು ತಿರುಗಿಸಿ ಬೀನ್ಸ್ ಹೆಚ್ಚುತ್ತಿದ್ದಳು. ಪ್ಯಾಕೆಟ್ಟನ್ನು ಕಪಾಟಿನಿಂದ ತೆಗೆದು ತಿರುಗಿಸಿದೆ. ಅಂಟಿಸಿದ ಮಡಿಕೆಯ ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ಅದೇ ಸಾಲು.

"ಏನು ಹುಡುಕ್ತಿದ್ದೀಯಾ?"

"ಏನಿಲ್ಲ."

ಏನಿಲ್ಲ ಎಂದದ್ದಷ್ಟೇ ಅಲ್ಲ, ಪ್ಯಾಕೆಟ್ಟನ್ನು ದುಪಟ್ಟಾದ ಮರೆಗೆ ಸರಿಸಿಕೊಂಡೆ. ಕಸದ ಬುಟ್ಟಿಗೆ ಸುರಿದರೆ ಆಯಿತು. ಹಳೆಯ ಉಪ್ಪು ಇನ್ನೂ ಸ್ವಲ್ಪ ಇದೆ. ನಾಳೆ ಹೇಗೂ ಮೆಷಿನ್ ರಕ್ತವನ್ನೆಲ್ಲ ತೊಳೆಯುತ್ತದೆ. ಯಾರಿಗೂ ಹೇಳಬೇಕಾಗಿಲ್ಲ, ಒಂದೇ ಒಂದು ದಿನ ಕಳೆದರೆ ಸಾಕು. ಇಷ್ಟೆಲ್ಲ ನಾನು ಯೋಚಿಸಿದೆ. ಆಗ ಮುಂದಿನ ಕೋಣೆಯಲ್ಲಿ ಕುರ್ಚಿ ಕರ್ರೆಂದಿತು. ಇಣುಕಿ ನೋಡಿದೆ. ಅಪ್ಪ ಮೇಜು ಹಿಡಿದು ಏಳಲು ಹೋಗಿ, ಅರ್ಧಕ್ಕೆ ಕುಸಿದು, ಯಾರಾದರೂ ನೋಡಿದರೇನೋ ಎಂಬಂತೆ ಬಾಗಿಲ ಕಡೆ ನೋಡಿ ನಕ್ಕರು.

ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡುವುದು ಯಾವತ್ತೂ ಅಮ್ಮನ ಕೆಲಸ. ಈ ಸಲ ನಾನೇ ನಂಬರ್ ಒತ್ತಿದೆ.

"ಸಿಸ್ಟರ್, ನಾನು... ಹೊಲಿಗೆ ಮೆಷಿನ್ ರಿಪೇರಿಯವರ ಮಗಳು."

"ಹೇಳಮ್ಮಾ, ಜೋರಾಗಿ ಹೇಳು."

ಹೇಳಿದೆ. ಹಿಂದೆ ಈಳಿಗೆಯ ಸದ್ದು ನಿಂತಿತು.

"ಯಾವತ್ತಿಂದ ಹಾಕ್ತಿದ್ದೀರಾ?"

"ಶುಕ್ರವಾರದಿಂದ."

"ಎಷ್ಟು ಹಾಕ್ತಿದ್ರಿ? ಚಿಟಿಕೆನಾ?"

ಅಮ್ಮ ನನ್ನ ಪಕ್ಕಕ್ಕೇ ಬಂದು ನಿಂತಿದ್ದಳು. "ಮಾಮೂಲಿಗಿಂತ ಎರಡರಷ್ಟು" ಎಂದೆ.

"ಕೈಕಾಲಲ್ಲಿ ಶಕ್ತಿ ಇದೆಯಾ?"

"ಏಳಕ್ಕಾಗ್ತಿಲ್ಲ."

"ನಾಳೆ ತನಕ ಕಾಯ್ಬೇಡಿ. ಈಗಲೇ ಹೊರಡಿ. ಅವರನ್ನ ನಡೆಸ್ಬೇಡಿ, ಕುರ್ಚಿ ಸಮೇತ ಎತ್ಕೊಂಡು ಬನ್ನಿ. ಆ ಪ್ಯಾಕೆಟ್ಟೂ ತನ್ನಿ."

ಟ್ಯಾಕ್ಸಿಯಲ್ಲಿ ಅಮ್ಮ ಅಪ್ಪನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಳು. ಒಂದೊಂದು ಸಿಗ್ನಲ್ಲಿನಲ್ಲೂ ಕಾರು ನಿಂತಾಗ ಅವಳ ಬೆರಳುಗಳು ಅಂಗಿಯ ಗುಂಡಿಯ ಸುತ್ತ ಬಿಗಿಯುತ್ತಿದ್ದವು.

"ಏನೇ ಇದು, ಮದುವೆಯಾದ ಹೊಸದ್ರಲ್ಲೂ ಇಷ್ಟು ಹತ್ರ ಕೂತಿರ್ಲಿಲ್ಲ ನೀನು" ಎಂದರು ಅಪ್ಪ. ಅವರ ನಾಲಿಗೆ ತೊದಲುತ್ತಿತ್ತು. ಡ್ರೈವರ್ ನಕ್ಕ. ನಾವಿಬ್ಬರೂ ನಗಲಿಲ್ಲ.

ಕೇಂದ್ರದ ಬಾಗಿಲಲ್ಲೇ ಗಾಲಿಕುರ್ಚಿ ಕಾಯುತ್ತಿತ್ತು. ಎದೆಗೆ ವೈರು ಅಂಟಿಸಿದರು, ರಕ್ತ ತೆಗೆದರು. ಹೃದಯದ ಬಡಿತ ಬರೆದ ಉದ್ದನೆಯ ಕಾಗದವನ್ನು ಡಾಕ್ಟರು ನೋಡಿದವರೇ ಸಿಸ್ಟರ್ ಕಡೆ ಬರೀ ಕಣ್ಣಲ್ಲಿ ಏನೋ ಹೇಳಿದರು. ಅವಳು ಓಡಿದಳು. ಒಂದು ಇಂಜೆಕ್ಷನ್, ಇನ್ನೊಂದು, ಆಮೇಲೆ ಮೆಷಿನ್. ರಕ್ತದ ವರದಿ ಬಂದಾಗ ಅವಳು ನಮ್ಮನ್ನು ಕಾರಿಡಾರಿಗೆ ಕರೆದಳು.

"ಐದರ ಆಸುಪಾಸಿನಲ್ಲಿರಬೇಕಾದ ಪೊಟ್ಯಾಸಿಯಂ ಏಳು ದಾಟಿದೆ. ರಾತ್ರಿ ಇದನ್ನ ಇಟ್ಕೊಂಡು ಮಲಗಿದ್ರೆ ಬೆಳಿಗ್ಗೆ ಏಳ್ತಿದ್ರು ಅಂತ ನಾನು ಹೇಳಲ್ಲ."

ಅಮ್ಮ ಗೋಡೆಗೆ ಒರಗಿದಳು. ಎರಡು ತಾಸು ನಾವು ಬೆಂಚಿನ ಮೇಲೆ ಕೂತೆವು. ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮತ್ತೆ ಪರೀಕ್ಷೆ ಮಾಡಿ, "ಐದೂವರೆಗೆ ಇಳಿದಿದೆ, ಇನ್ನು ಹೆದರ್ಬೇಡಿ" ಎಂದು ಸಿಸ್ಟರ್ ಹೇಳಿ ಹೋದ ಮೇಲೆ ಅಮ್ಮ ಬಾಯಿಬಿಟ್ಟಳು.

"ನಾನು ಎರಡೆರಡು ಸಲ ನೀರು ಬಸಿದು ಚೆಲ್ತಿದ್ದೆ" ಎಂದಳು. ಅಷ್ಟೇ. ಆಮೇಲೆ ಪ್ಯಾಕೆಟ್ಟಿದ್ದ ಚೀಲವನ್ನು ನನ್ನ ಮಡಿಲಿಗಿಟ್ಟು, "ಅವರಿಗೆ ಇನ್ನೂ ಗೊತ್ತಿಲ್ಲ. ನೀನೇ ಹೇಳು. ನಾನು ಹೇಳಲ್ಲ."

ಒಳಗೆ ಆರು ಹಾಸಿಗೆ, ಆರು ಮೆಷಿನ್. ಅಪ್ಪನ ಹತ್ತಿರ ಸ್ಟೂಲು ಎಳೆದುಕೊಂಡು ಕೂತೆ. ಕಾಯಿಲೆ ಜೋರಾಯಿತು ಎಂದೇ ಅವರು ತಿಳಿದಿದ್ದರು. ಹಾಗೇ ತಿಳಿದುಕೊಳ್ಳಲಿ ಎಂದು ಬಿಟ್ಟುಬಿಡುವುದು ಎಷ್ಟು ಸುಲಭವಿತ್ತು!

"ಅಪ್ಪಾ, ಅದು ಉಪ್ಪಿಂದ ಆಗಿದ್ದು. ನಾನು ತರಿಸಿದ ಉಪ್ಪಿಂದ."

"ಏನಂದೆ? ಈ ಮೆಷಿನ್ ಸದ್ದಿಗೆ ಏನೂ ಕೇಳ್ಸಲ್ಲ. ಗಂಟಲು ಬಿಟ್ಟು ಮಾತಾಡು."

ಗಂಟಲು ಬಿಟ್ಟು ಮಾತಾಡಿದೆ. ಹೃದಯದ ಚಿತ್ರ, ಅರ್ಧ ಸೋಡಿಯಂ, ಎರಡರಷ್ಟು ಹಾಕಿದ್ದು, ಹಿಂಬದಿ ಓದದೇ ಇದ್ದದ್ದು, ಬೆಳಿಗ್ಗೆ ಪ್ಯಾಕೆಟ್ಟನ್ನು ಬಚ್ಚಿಟ್ಟುಕೊಂಡದ್ದು. ಕೊನೆಯದನ್ನು ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದೆ.

"ಮೂರು ದಿನ ಹೊಟ್ಟೆ ತುಂಬ ಊಟ ಮಾಡಿದ್ದೆ ಕಣಮ್ಮ" ಎಂದರು ಅಪ್ಪ. ಮೇಡಂ ಎನ್ನಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ನಾನು ಎದ್ದು ಹೊರಗೆ ಹೋಗಬೇಕು ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಹಾಸಿಗೆಯಿಂದ ಹೆಂಗಸಿನ ದನಿ ಬಂತು. ಗಂಡನ ಕಾಲು ಒತ್ತುತ್ತ ಕೂತಿದ್ದಾಕೆ ಒತ್ತುವುದನ್ನು ನಿಲ್ಲಿಸಿದ್ದಳು.

"ಏನಮ್ಮಾ, ಕೆಂಪು ಹೃದಯ ಅಂದ್ಯಲ್ಲ, ಬಿಳೀ ಪ್ಯಾಕೆಟ್ಟಾ? ಫೋನಲ್ಲೇ ತರಿಸೋದು? ನಮ್ಮನೇಗೂ ನಿನ್ನೆ ಬಂತು. ಇವರಿಗೆ ಒಳ್ಳೇದು ಅಂತ ಬೆಳಿಗ್ಗೆ ಮೊಟ್ಟೆಗೆ ಅದನ್ನೇ ಉದುರಿಸಿದ್ದೆ."

ಅದರಾಚೆಯ ಹಾಸಿಗೆಯ ಮುದುಕರು ತಲೆಯೆತ್ತಿದರು. "ಯಾವ ಉಪ್ಪಂತೆ? ಏನಂತೆ?"

ಉಳಿದ ಐದೂ ಹಾಸಿಗೆಗಳ ಮುಖಗಳು ನನ್ನ ಕಡೆಗೆ ತಿರುಗಿದವು. ನಾನು ಬಾಗಿಲ ಕಡೆ ನೋಡಿದೆ. ಸಿಸ್ಟರ್ ಅಲ್ಲಿರಲಿಲ್ಲ. ಚೀಲದಿಂದ ಪ್ಯಾಕೆಟ್ಟನ್ನು ತೆಗೆದು ಹಿಂಬದಿ ತಿರುಗಿಸಿದೆ. ಅಂಟಿಸಿದ ಮಡಿಕೆಯನ್ನು ಹೆಬ್ಬೆರಳಿಂದ ಬಿಡಿಸಿ ಹಿಡಿದೆ.

"ಓದು" ಎಂದರು ಅಪ್ಪ, ಗೋಡೆಯ ಕಡೆಗೇ ಮುಖವಿಟ್ಟುಕೊಂಡು. "ಎಲ್ಲರಿಗೂ ಕೇಳ್ಸೋ ಹಾಗೆ ಓದು."