ಬಾಗಿಲ ಮೇಲಿನ ಇಸವಿ

ಟಕ್ ಎಂದು ಸಣ್ಣ ಸದ್ದಾಯಿತು. ಅಪರಾತ್ರಿಯಲ್ಲಿ, ತೀರಿಕೊಂಡ ಮಾವನ ದೇಹದ ಪಕ್ಕ ಕೂತಿದ್ದ ಸೊಸೆ ತಲೆಯೆತ್ತಿದಳು. ಹಳೇ ತೋಟದಮನೆ ರಾತ್ರಿ ಹೊತ್ತು ಮೈ ಮುರಿಯುವುದು ಅವಳಿಗೆ ಹೊಸದಲ್ಲ. ಆದರೆ ಈ ಸದ್ದು ಮುಂಬಾಗಿಲಿನದು.

ಬೆಳಕು ಹರಿದಾಗ ನೋಡಿದರೆ, ಬಾಗಿಲ ಮೇಲೆ ಇಸವಿ ಕೆತ್ತಿದ್ದ ಹಲಗೆಯ ಬೆಣೆ ಕಳಚಿ ಹೊಸ್ತಿಲ ಮೇಲೆ ಬಿದ್ದಿತ್ತು. ಹಲಗೆ ಓರೆಯಾಗಿ ಜೋತಾಡುತ್ತಿತ್ತು.

"ಅದನ್ನ ಮೊದಲು ಸರಿ ಮಾಡಿ. ಹೊರಗೆ ತರೋವಾಗ ಅಪ್ಪನ ಮೇಲೆ ಬಿದ್ದೀತು," ಎಂದಳು ನಾದಿನಿ.

ಪಕ್ಕದ ಹೊಲದ ಮುದುಕ ಮೆಲ್ಲಗೆ ನಕ್ಕ. "ಬಿದ್ರೆ ಎದ್ದು ಕೂತು, ಹಲಗೆಗೆ ಪೆಟ್ಟಾಯ್ತಾ ಅಂತ ಕೇಳ್ತಾನೆ ಬಿಡಮ್ಮ."

ಗಂಡ ವಾಹನ ತರಲು ಹೋಗಿದ್ದ. ಸೊಸೆಯೇ ಸ್ಟೂಲು ಎಳೆದುಕೊಂಡಳು.

*

ಹೊಸ ರಸ್ತೆ ಈ ಮನೆಯ ನಡುಮನೆಯಲ್ಲೇ ಹಾದುಹೋಗಬೇಕಿತ್ತು. ಹಳೇ ಕಾಲದ ಮನೆ, ಉಳಿಸಿಕೊಡಿ ಎಂಬ ಅರ್ಜಿಗಳನ್ನೆಲ್ಲ ಬರೆದವಳು ಸೊಸೆ. ಹಿಡಿದುಕೊಂಡು ಕಚೇರಿ ಕಚೇರಿ ಅಲೆದವನು ಮಾವ. "ಹಳೇದು ಅಂತ ನೀವು ಹೇಳಿದ್ರೆ ಸಾಲದು, ಮನೆ ಹೇಳ್ಬೇಕು," ಎಂದಿದ್ದರು ಪುರಾತತ್ವ ಇಲಾಖೆಯ ಅಧಿಕಾರಿ.

ಆಮೇಲೆ ಮಾವ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ದಿನವಿಡೀ ಏನೋ ಬಡಿಯತೊಡಗಿದ. ಕೇಳಿದರೆ ಕೋಳಿಗೂಡು ಎಂದ. ಗೂಡು ಹೊರಗೆ ಬರಲೇ ಇಲ್ಲ.

"ಎಲ್ಲಿ ಮಾವ ಗೂಡು?"

"ಕೋಳಿಗಳು ಒಪ್ಪಲಿಲ್ಲ ಕಣಮ್ಮ."

ಕೆಲವು ತಿಂಗಳಾದ ಮೇಲೆ, ಬಾಗಿಲ ಮೇಲಿನ ಹಳೇ ಸುಣ್ಣ ಕೆರೆಯುತ್ತಿದ್ದವನು ಅವಳನ್ನು ಕೂಗಿ ಕರೆದ. ಸುಣ್ಣದಡಿಯಿಂದ ಇನ್ನೂರು ವರ್ಷ ಹಿಂದಿನ ಇಸವಿ ಇಣುಕುತ್ತಿತ್ತು. ಅವಳು ಅತ್ತೇಬಿಟ್ಟಿದ್ದಳು. ಮಾವ ಮಾತ್ರ ಕೈ ಒರೆಸಿಕೊಳ್ಳುತ್ತ ಬೇರೆಲ್ಲೋ ನೋಡುತ್ತಿದ್ದ.

ನೋಡಲು ಬಂದ ಅಧಿಕಾರಿ ಅಟ್ಟದ ತೊಲೆಗಳನ್ನು ತೋರಿಸಿ ಅವಳಿಗೆ ಪಾಠ ಹೇಳಿದ್ದರು: ಮರದ ಮೇಲೆ ಕೈಗರಗಸ ಬಿಡುವ ಗೆರೆ ನೇರ, ಯಂತ್ರದ ಗರಗಸದ್ದು ಕಮಾನು. ಆ ಕಾಲದಲ್ಲಿ ಯಂತ್ರವೆಲ್ಲಿ?

*

ಸ್ಟೂಲಿನ ಮೇಲೆ ನಿಂತು ಅವಳು ಹಲಗೆಯ ಹಿಂದೆ ಕೈ ಹಾಕಿದಳು. ಬೆರಳಿಗೆ ಗೆರೆಗಳು ಸಿಕ್ಕವು. ತುಸು ಬಾಗಿಸಿ ನೋಡಿದಳು. ಒಂದರ ಹಿಂದೊಂದು, ಅಚ್ಚುಕಟ್ಟಾದ ಕಮಾನುಗಳು.

"ಗೆದ್ದಲು ಹಿಡಿದಿದೆಯಾ?" ಕೆಳಗಿನಿಂದ ದನಿ ಬಂತು. ಅಧಿಕಾರಿ ಹೂವಿನ ಹಾರ ಹಿಡಿದು ನಿಂತಿದ್ದರು. "ಜೋಪಾನ ಕಣಮ್ಮ. ಮನೆ ಉಳಿಸೋ ಆದೇಶಕ್ಕೆ ಇನ್ನೊಂದೇ ಸಹಿ ಬಾಕಿ. ಆ ಇಸವಿ ಇಲ್ದಿದ್ರೆ ಈ ಮನೆ ಇಷ್ಟೊತ್ತಿಗೆ ರಸ್ತೆ ಆಗಿರ್ತಿತ್ತು. ಕೊಡಿ, ನಾನೂ ನೋಡ್ತೀನಿ."

ಅವರು ಕೈ ಚಾಚಿದರು.

"ಗೆದ್ದಲು ಇಲ್ಲ ಸಾರ್, ಬರೀ ಧೂಳು," ಎಂದಳು. ಹಲಗೆಯನ್ನು ಗೋಡೆಗೆ ಒತ್ತಿ, ಬೆಣೆ ಸಿಕ್ಕಿಸಿ, ಕಲ್ಲಿನಿಂದ ಬಡಿದಳು. ಅಲುಗಾಡಿಸಿ ನೋಡಿ ಮತ್ತೆ ಬಡಿದಳು.

ಗಂಡ ಬಂದವನು ಅವಳ ಕೈ ನೋಡಿದ. "ಏನಿದು ಸುಣ್ಣ?"

"ಬೆಣೆ ಸಡಿಲ ಆಗಿತ್ತು."

ಇವನಿಗೂ ಹೇಳುವುದು ಬೇಡ, ಯಾರಿಗೂ ಬೇಡ ಎಂದುಕೊಂಡು ಅವಳು ಪಕ್ಕಕ್ಕೆ ಸರಿದಳು.

ತಗ್ಗು ಬಾಗಿಲು. ಹೊತ್ತವರೆಲ್ಲ ಇಸವಿಯ ಕೆಳಗೆ ತಲೆ ಬಗ್ಗಿಸಿ ದಾಟಿದರು. ಹಿಂದೆ ಬಂದ ಅಧಿಕಾರಿಯೂ ಬಗ್ಗಿದರು. ಮಾವನೊಬ್ಬ ಮುಖ ಮೇಲೆ ಮಾಡಿಕೊಂಡು ಅದರಡಿ ಹಾದುಹೋದ.